ಹುಬ್ಬ ಮಳೆಗೆ ಸಸಿ ನೆಡಬಹುದೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ದಿನಗಳನ್ನು ಕ್ರೈಸ್ತ ಸಭೆಗಳು (ಚರ್ಚುಗಳು) ‘ಸೃಷ್ಟಿಯ ಕಾಲ’ ಎಂದು ಆಚರಿಸುತ್ತವೆ. ಹೊಸ ಪೋಪರೂ ಬೇರೆ ಸಭೆಗಳ ನಾಯಕರೂ ಭೂಮಿಯನ್ನು ಕಾಯುವುದು ನೈತಿಕ ಹೊಣೆ ಎಂದು ಹೇಳುತ್ತಿರುವುದರ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದೆವು. ಬಂದ ಕಾಗದಗಳಲ್ಲಿ ರೋಮಿನ ವಿಚಾರ ಕಡಿಮೆ. ಗುಂಡಿ, ಸುಣ್ಣ, ಮೈಲುತುತ್ತ, ಬಾವಿ ಇವೇ ಹೆಚ್ಚು. ಮಲೆನಾಡಿನವರಿಂದ ಬೇರೆ ಏನು ಬರಬೇಕು! ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ಹೊಸ ಪೋಪ್ ಬಂದ ಮೇಲೂ ಪರಿಸರದ ಮಾತು ನಿಂತಿಲ್ಲ. ಯಾರು ಏನು ಹೇಳಿದ್ದಾರೆ? ಹೊಸದೇನಾದರೂ ಇದೆಯೋ, ಹಳೆಯದನ್ನೇ ತಿರುಗಿಸಿ ಹೇಳುತ್ತಿದ್ದಾರೋ?
— ನಿವೃತ್ತ ನೌಕರರು, ಭದ್ರಾವತಿ

ಮಾತು ಹಳೆಯದು, ಹೇಳುವವರು ಹೊಸಬರು. ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನ ಎಂದು 1989ರಲ್ಲಿ ಮೊದಲು ಸಾರಿದವರು ಆರ್ಥೊಡಾಕ್ಸ್ ಸಭೆಯ ಕಾನ್‌ಸ್ಟಾಂಟಿನೋಪಲ್ ಪೀಠಾಧಿಪತಿ ದಿಮಿತ್ರಿಯೊಸ್. ಪೋಪ್ ಫ್ರಾನ್ಸಿಸ್ 2015ರಲ್ಲಿ ಅದೇ ದಿನವನ್ನು ಕಥೋಲಿಕರಿಗೂ ಗೊತ್ತುಮಾಡಿದರು. ಅದೇ ವರ್ಷದ ಮೇ 24ರ ತಾರೀಕಿನ ‘ಲೌದಾತೊ ಸಿ’ ಎಂಬ ವಿಶ್ವಪತ್ರ (ಪೋಪರು ಇಡೀ ಸಭೆಗೆ ಬರೆಯುವ ಪತ್ರ) ಈ ಚರ್ಚೆಯ ಮೂಲ ಆಕರ. ಅದರಲ್ಲಿ 246 ಪರಿಚ್ಛೇದಗಳಿವೆ. 3ನೇ ಪರಿಚ್ಛೇದದಲ್ಲೇ ಇದು ಕಥೋಲಿಕರಿಗೆ ಮಾತ್ರವಲ್ಲ, ಭೂಮಿಯ ಮೇಲಿರುವ ಪ್ರತಿಯೊಬ್ಬರಿಗೂ ಎಂದು ಬರೆದಿದೆ. ಅದರ ಮುಂದಿನ ಕಂತು ‘ಲೌದಾತೆ ದೇವುಂ’ 2023ರ ಅಕ್ಟೋಬರ್ 4ರದು. ಅದು ಬರೀ ಹವಾಮಾನದ ಮೇಲೆ, ಇನ್ನೂ ಖಾರವಾಗಿ.

ಫ್ರಾನ್ಸಿಸ್ 2025ರ ಏಪ್ರಿಲ್ 21ರಂದು ತೀರಿಕೊಂಡರು. ಮೇ 8ರಂದು ಆಯ್ಕೆಯಾದ 14ನೇ ಲಿಯೊ ಷಿಕಾಗೊದಲ್ಲಿ ಹುಟ್ಟಿದವರು, ಬಹುಕಾಲ ಪೆರು ದೇಶದಲ್ಲಿ ಸೇವೆ ಮಾಡಿದವರು, ಅಲ್ಲಿನ ಚಿಕ್ಲಾಯೊದ ಧರ್ಮಾಧ್ಯಕ್ಷರಾಗಿದ್ದವರು. ಅಧಿಕಾರಕ್ಕೆ ಬಂದ ಮೊದಲ ಬೇಸಿಗೆಯಲ್ಲೇ ಸೃಷ್ಟಿಯ ಪಾಲನೆಗೆಂದೇ ಹೊಸ ಬಲಿಪೂಜೆಯ (ಕಥೋಲಿಕರ ಮುಖ್ಯ ಆರಾಧನೆಯ) ಕ್ರಮ ಪ್ರಕಟವಾಯಿತು. ಜುಲೈ 9ರಂದು ಕಾಸ್ತೆಲ್ ಗಾಂದೊಲ್ಫೊದಲ್ಲಿ ಅವರೇ ಅದನ್ನು ಅರ್ಪಿಸಿದರು. ಸೆಪ್ಟೆಂಬರ್ 1ರ ಸಂದೇಶದಲ್ಲಿ ಪರಿಸರ ನ್ಯಾಯವನ್ನು ನಂಬಿಕೆಯಿಂದ ಹುಟ್ಟುವ ಕರ್ತವ್ಯವೆಂದು ಕರೆದರು. ಅಕ್ಟೋಬರ್ 1ರಂದು ಗ್ರೀನ್‌ಲ್ಯಾಂಡಿನಿಂದ ತಂದ ಹಿಮದ ಗಡ್ಡೆಯೊಂದರ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಆ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು, ಅಂದಿನ ಮಾತು ಅಷ್ಟಾಗಿ ಬರಲಿಲ್ಲ. ನಾನು ಕೊಟ್ಟ ಲೋಕವನ್ನು ಸಾಗುವಳಿ ಮಾಡಿ ಕಾದಿರಾ, ಸೋದರರನ್ನು ನೋಡಿಕೊಂಡಿರಾ ಎಂದು ದೇವರು ಕೇಳಿದಾಗ ಏನು ಉತ್ತರ ಕೊಡುತ್ತೇವೆ ಎಂಬುದು ಅದರ ಸಾರ.

ಆಂಗ್ಲಿಕನ್ನರಲ್ಲಿ ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷ ಪೀಠಕ್ಕೆ ಮೊದಲ ಬಾರಿ ಮಹಿಳೆಯೊಬ್ಬರು, ಸಾರಾ ಮಲಾಲಿ, ಆಯ್ಕೆಯಾದದ್ದು 2025ರ ಅಕ್ಟೋಬರ್ 3ರಂದು ಪ್ರಕಟವಾಯಿತು. ಅವರು ಮೊದಲು ನರ್ಸ್ ಆಗಿದ್ದವರು, ಇಂಗ್ಲೆಂಡಿನ ಮುಖ್ಯ ಶುಶ್ರೂಷಾಧಿಕಾರಿಯೂ ಆಗಿದ್ದರು. 2030ರೊಳಗೆ ತನ್ನ ಇಂಗಾಲದ ಲೆಕ್ಕವನ್ನು ಸೊನ್ನೆಗೆ ತರುತ್ತೇನೆಂದು ಇಂಗ್ಲೆಂಡಿನ ಸಭೆ 2020ರಲ್ಲೇ ಠರಾವು ಮಾಡಿದೆ. ಆ ಗಡುವು ಈಗ ಅವರ ತಲೆಯ ಮೇಲೆ.

ಹೊಸದೇನು ಎಂದರೆ ಇದೇ: ‘ಪರಿಸರ ಪ್ರೇಮ’ ಎಂಬ ಸಡಿಲ ಪದ ಹಿಂದೆ ಸರಿದು, ‘ಹೊಣೆ’ ಎಂಬ ಬಿಗಿಯಾದ ಪದ ಮುಂದೆ ಬಂದಿದೆ. ಹೊಣೆ ಎಂದಮೇಲೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ಕೆಳಗಿನ ಉತ್ತರಗಳಲ್ಲಿ ಅಂಕಿಗಳು ಜಾಸ್ತಿ ಇರುವುದಕ್ಕೆ ಕಾರಣ ಅದು.

ಪ್ರಶ್ನೆ: ನಮ್ಮ ಧರ್ಮಕೇಂದ್ರದ ಯುವಜನ ಸಂಘದಿಂದ ಸೆಪ್ಟೆಂಬರ್ 1ರಂದು ಚರ್ಚಿನ ಹಿಂದಿನ ಗುಡ್ಡದಲ್ಲಿ 100 ಸಸಿ ನೆಡಬೇಕೆಂದಿದ್ದೇವೆ. ಹೋದ ವರ್ಷ ನೆಟ್ಟವುಗಳಲ್ಲಿ ಒಂದೂ ಉಳಿಯಲಿಲ್ಲ. ಎಲ್ಲಿ ತಪ್ಪಿದೆವು?
— ಯುವಜನ ಸಂಘ, ಹೊಸನಗರ ತಾಲ್ಲೂಕು

ತಪ್ಪಿದ್ದು ತಾರೀಕು. ಸೆಪ್ಟೆಂಬರ್ 1 ಎಂದರೆ ನಮ್ಮಲ್ಲಿ ಹುಬ್ಬ ಮಳೆ ಹಿಡಿದ ಹೊತ್ತು. ಆಮೇಲೆ ಉತ್ತರೆ, ಹಸ್ತ, ಚಿತ್ತೆ, ಅಷ್ಟೆ. ಸಸಿಗೆ ಸಿಗುವುದು ಆರೇಳು ವಾರದ ತೇವ. ಬೇರು ಗುಂಡಿಯ ಗೋಡೆ ದಾಟುವ ಮೊದಲೇ ಮಣ್ಣು ಬಿಗಿಯುತ್ತದೆ, ಫೆಬ್ರವರಿಗೆ ಎಲೆ ಉದುರುತ್ತದೆ, ಏಪ್ರಿಲಿನಲ್ಲಿ ಮುರಿದರೆ ಒಳಗೆ ಕಂದು. ಅದೇ ಸಸಿಯನ್ನು ಮೃಗಶಿರಾ ಕೊನೆಗೋ ಆರಿದ್ರಾ ಮಳೆಗೋ ನೆಟ್ಟಿದ್ದರೆ ನಾಲ್ಕು ತಿಂಗಳು ಸಿಗುತ್ತಿತ್ತು. ಸೃಷ್ಟಿಯ ಕಾಲದ ದಿನಗಳು ಬೇರೆ ದೇಶದ ಪಂಚಾಂಗದಿಂದ ಬಂದವು, ಮಳೆ ಮಾತ್ರ ನಮ್ಮದು. ನೆಡುವುದನ್ನು ಜೂನಿಗೆ ಒಯ್ಯಿರಿ, ಪ್ರಾರ್ಥನೆ ಸೆಪ್ಟೆಂಬರಿನಲ್ಲೇ ಇರಲಿ.

ಎರಡನೆಯದು ಸಂಖ್ಯೆ. ಜನವರಿಯಿಂದ ಮೇ ಕೊನೆವರೆಗೆ ಸುಮಾರು 20 ವಾರ. ವಾರಕ್ಕೊಮ್ಮೆ 10 ಲೀಟರ್ ಕೊಟ್ಟರೂ ಒಂದು ಸಸಿಗೆ 200 ಲೀಟರ್ ಬೇಕು. 100 ಸಸಿಗೆ 20,000 ಲೀಟರ್. ಅಂದರೆ 5,000 ಲೀಟರಿನ ನಾಲ್ಕು ಟ್ಯಾಂಕರ್ ನೀರನ್ನು ಕೊಡದಲ್ಲಿ ಗುಡ್ಡ ಹತ್ತಿಸಬೇಕು. ಪರೀಕ್ಷೆಯ ತಿಂಗಳಲ್ಲಿ ನಿಮ್ಮ ಸಂಘದಲ್ಲಿ ಎಷ್ಟು ಜನ ಊರಲ್ಲಿರುತ್ತೀರಿ? 25 ನೆಡಿ.

ಗುಂಡಿಯನ್ನು ಮೇ ಕೊನೆಯಲ್ಲೇ ತೆಗೆದು ಬಿಸಿಲು ತಾಗಲು ಬಿಡಿ. ಒಂದೂವರೆ ಅಡಿ ಉದ್ದ, ಅಗಲ, ಆಳ ಸಾಕು. ಹಲಸು, ಮಾವಿಗೆ ಎರಡು ಅಡಿ. ಮೇಲಿನ ಕಪ್ಪು ಮಣ್ಣನ್ನು ಒಂದು ಬದಿಗೆ, ಕೆಳಗಿನ ಕೆಂಪು ಮಣ್ಣನ್ನು ಇನ್ನೊಂದು ಬದಿಗೆ ಹಾಕಿ. ತುಂಬುವಾಗ ಕಪ್ಪು ಮಣ್ಣಿಗೆ ಒಂದು ಬುಟ್ಟಿ ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ಮೊದಲು ಹಾಕಿ. ಅರೆ ಕಳಿತ ಗೊಬ್ಬರ ಹಾಕಿದರೆ ಗೆದ್ದಲಿಗೆ ಔತಣ ಕೊಟ್ಟಂತೆ. ಬಯಲುಸೀಮೆಯವರು ಗಿಡದ ಬುಡದಲ್ಲಿ ತಗ್ಗು ಬಿಡುತ್ತಾರೆ, ನೀರು ನಿಲ್ಲಲಿ ಎಂದು. ನಮ್ಮಲ್ಲಿ ಅದೇ ಕೊಲ್ಲುವುದು. ಜುಲೈನಲ್ಲಿ ಗುಂಡಿ ಬಾವಿಯಾಗಿ ಬೇರು ಕೊಳೆಯುತ್ತದೆ. ಆದ್ದರಿಂದ ಮಣ್ಣನ್ನು ನೆಲಕ್ಕಿಂತ ಮೂರು ನಾಲ್ಕು ಇಂಚು ಏರಿಸಿ ದಿಬ್ಬ ಮಾಡಿ. ಒಂದು ಮಳೆ ಬಿದ್ದರೆ ಅದು ತಾನಾಗಿ ಕೂರುತ್ತದೆ.

ನರ್ಸರಿಯ ಕರಿ ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ತೆಗೆಯಿರಿ. ಹೇಳಬೇಕಾದ ಮಾತೇ ಅಲ್ಲ, ಆದರೂ ಸತ್ತ ಗಿಡ ಕಿತ್ತು ನೋಡಿದರೆ ಎಷ್ಟೋ ಸಲ ಚೀಲ ಹಾಗೇ ಇರುತ್ತದೆ. ಚೀಲ ತೆಗೆದಾಗ ತಳದಲ್ಲಿ ಬೇರು ಸಿಂಬಿ ಸುತ್ತಿದಂತೆ ಸುತ್ತಿಕೊಂಡಿದ್ದರೆ ಕೆಳಗಿನ ಒಂದು ಇಂಚನ್ನು ಕತ್ತಿಯಿಂದ ಕೊಯ್ದುಬಿಡಿ. ಹಾಗೇ ನೆಟ್ಟರೆ ಬೇರು ಅಲ್ಲೇ ಸುತ್ತುತ್ತಾ ಇರುತ್ತದೆ, ನಾಲ್ಕೈದು ವರ್ಷದ ಮರವಾದರೂ ಗಾಳಿಗೆ ಬುಡಮೇಲು.

ಜಾತಿ ಯಾವುದು? ನೇರಳೆ, ಹಲಸು, ಹೆಬ್ಬಲಸು, ಮುರುಗಲು, ಉಪ್ಪಾಗೆ, ರಂಜಲು, ಹೊನ್ನೆ. ಪುಕ್ಕಟೆ ಸಿಗುತ್ತದೆಂದು ಅಕೇಶಿಯ ತರಬೇಡಿ, ಗುಡ್ಡಗಳಲ್ಲಿ ಅದು ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚಿದೆ. ಹಲಸು, ನೇರಳೆಯ ಬೀಜ ಒಣಗಿಸಿಟ್ಟರೆ ಕೆಲವೇ ವಾರದಲ್ಲಿ ಸಾಯುತ್ತದೆ, ಹಣ್ಣು ತಿಂದ ವಾರದಲ್ಲೇ ಚೀಲಕ್ಕೆ ಹಾಕಿ. ದೊಡ್ಡದಾಗುವ ಮರ ಚರ್ಚಿನ ಗೋಡೆಯಿಂದ ಕನಿಷ್ಠ 25 ಅಡಿ ದೂರವಿರಲಿ. ಗುಡ್ಡ ಯಾರದೆಂದು ಮೊದಲು ಪಹಣಿ ನೋಡಿ. ಅರಣ್ಯದ ಜಾಗವಾದರೆ ಇಲಾಖೆಯ ಒಪ್ಪಿಗೆ ಇಲ್ಲದೆ ಹಾರೆ ಎತ್ತಬೇಡಿ.

ಹಾಗಾದರೆ ಸೆಪ್ಟೆಂಬರಿನಲ್ಲಿ ಏನು ಮಾಡುವುದು? ಬೇಕಾದಷ್ಟಿದೆ. ಬುಡದ ಸುತ್ತ ಒಂದು ಮಾರು ಕಳೆ ತೆಗೆಯಬೇಕು, ವಾಲಿದ ಗಿಡಕ್ಕೆ ಗೂಟ ಕಟ್ಟಬೇಕು, ದನ ನುಗ್ಗದಂತೆ ಮುಳ್ಳಿನ ಬೇಲಿ ಸರಿಮಾಡಬೇಕು. ಮಳೆ ನಿಂತ ಮೇಲೆ ಅಕ್ಟೋಬರ್ ಕೊನೆಗೆ ಬುಡಕ್ಕೆ ನಾಲ್ಕು ಇಂಚು ದಪ್ಪ ದರಗು (ಒಣಗಿದ ಎಲೆ) ಹೊದೆಸಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು. ತಾಗಿದರೆ ತೊಗಟೆ ಕೊಳೆಯುತ್ತದೆ. ಜನವರಿಯಲ್ಲಿ ಸುತ್ತಲೂ ಬೆಂಕಿರೇಖೆ ತೆಗೆಯಿರಿ, ಇಲ್ಲದಿದ್ದರೆ ಆ ದರಗೇ ಗಿಡವನ್ನು ಸುಡುತ್ತದೆ.

ಪ್ರತಿ ಗೂಟಕ್ಕೂ ಒಂದು ನಂಬರ್ ಬರೆದು ರಿಜಿಸ್ಟರ್ ಇಡಿ: ನಂಬರ್, ಜಾತಿ, ನೆಟ್ಟ ದಿನ, ನೋಡಿಕೊಳ್ಳುವವರ ಹೆಸರು, ಮುಂದಿನ ಮೇ 31ರ ಸ್ಥಿತಿ. ಜ್ಞಾನಸ್ನಾನದ ದಾಖಲೆಯನ್ನು ನೂರಾರು ವರ್ಷ ತಪ್ಪದೆ ಬರೆದುಕೊಂಡು ಬಂದವರಿಗೆ ಇದೇನು ಕಷ್ಟ? ಸೆಪ್ಟೆಂಬರಿನ ಬಲಿಪೂಜೆಯಲ್ಲಿ ಓದಿ ಹೇಳಬೇಕಾದ ಸಂಖ್ಯೆ ಆ ಕೊನೆಯ ಕಲಮಿನದು.

ಪ್ರಶ್ನೆ: ಭೂಮಿಯನ್ನು ವಶಮಾಡಿಕೊಳ್ಳಿ ಎಂದು ಬೈಬಲೇ ಹೇಳುತ್ತದೆಯಲ್ಲ! ಕಾಡು ಕಡಿದವರಿಗೆಲ್ಲ ಅದೇ ಧೈರ್ಯ ಕೊಟ್ಟಿತು ಎನ್ನುತ್ತಾರೆ.
— ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ

ಹಾಗೆ ಹೇಳಿದವರಲ್ಲಿ ಹೆಚ್ಚು ಹೆಸರಾದವರು ಅಮೆರಿಕದ ಇತಿಹಾಸಕಾರ ಲಿನ್ ವೈಟ್, 1967ರಲ್ಲಿ. ಆರೋಪದಲ್ಲಿ ಹುರುಳಿಲ್ಲದಿಲ್ಲ. ಆದಿಕಾಂಡ 1:28ರಲ್ಲಿ ‘ವಶಮಾಡಿಕೊಳ್ಳಿರಿ’ ಎಂದಿದೆ, ಮೂಲದ ಹೀಬ್ರೂ ಪದ ಇನ್ನೂ ಒರಟು. ಆದರೆ ಮುಂದಿನ ಅಧ್ಯಾಯ ತಿರುವಿದರೆ 2:15ರಲ್ಲಿ ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ. ಅಲ್ಲಿನ ‘ಆಬಾದ್’ ಎಂಬ ಹೀಬ್ರೂ ಪದಕ್ಕೆ ಉಳುವುದು ಎಂದೂ ಅರ್ಥ, ಸೇವೆ ಮಾಡುವುದು ಎಂದೂ ಅರ್ಥ. ‘ಶಾಮಾರ್’ ಎಂದರೆ ಕಾವಲು. ಲಿಯೊ ಅಕ್ಟೋಬರ್ 1ರಂದು ನೆನಪಿಸಿದ್ದೂ ಈ ವಚನವನ್ನೇ. ಫ್ರಾನ್ಸಿಸ್ ಲೌದಾತೊ ಸಿ 67ನೇ ಪರಿಚ್ಛೇದದಲ್ಲಿ, ವಶಮಾಡಿಕೊಳ್ಳುವುದನ್ನು ಮನಬಂದಂತೆ ಆಳುವುದೆಂದು ಓದಿದ್ದು ತಪ್ಪು ಎಂದು ನೇರವಾಗಿ ಒಪ್ಪಿಕೊಂಡಿದ್ದಾರೆ.

ನಮ್ಮ ತೋಟಿಗರಿಗೆ ಇಷ್ಟವಾಗಬಹುದಾದ ವಚನಗಳು ಬೇರೆ ಇವೆ. ಯಾಜಕಕಾಂಡ 25ರಲ್ಲಿ ಆರು ವರ್ಷ ಬಿತ್ತಿ ಏಳನೆಯ ವರ್ಷ ಭೂಮಿಗೆ ವಿಶ್ರಾಂತಿ ಕೊಡಬೇಕೆಂದಿದೆ. ಅದೇ ಅಧ್ಯಾಯದ 23ನೇ ವಚನದ ಪ್ರಕಾರ ಭೂಮಿ ದೇವರದು, ನಾವು ಅದರಲ್ಲಿ ಬಿಡಾರ ಹೂಡಿದವರು. ಗೇಣಿ ಕಾಲ ಕಂಡ ಮನೆತನಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಧರ್ಮೋಪದೇಶಕಾಂಡ 20:19 ಯುದ್ಧಕಾಲದಲ್ಲೂ ಶತ್ರುವಿನ ಹಣ್ಣಿನ ಮರ ಕಡಿಯಬಾರದೆನ್ನುತ್ತದೆ.

ಪ್ರಶ್ನೆ: ಭೂಮಿಗೆ ವಿಷ ಹಾಕಬೇಡಿ ಎಂದು ನಮ್ಮ ಫಾದರ್ ಪ್ರಸಂಗದಲ್ಲಿ ಹೇಳಿದರು. ನಮ್ಮದು ಎರಡು ಎಕರೆ ಅಡಿಕೆ. ಬೋರ್ಡೊ ದ್ರಾವಣ ಹೊಡೆಯದಿದ್ದರೆ ಕೊಳೆರೋಗಕ್ಕೆ ಫಸಲೇ ಹೋಗುತ್ತದೆ. ಇದನ್ನು ಪಾಪನಿವೇದನೆಯಲ್ಲಿ ಹೇಳಬೇಕೇ?
— ಅಡಿಕೆ ಬೆಳೆಗಾರರು, ಕೊಪ್ಪ ತಾಲ್ಲೂಕು

ಪಾಪನಿವೇದನೆಯ ವಿಚಾರ ನಿಮಗೂ ಫಾದರ್‌ಗೂ ಬಿಟ್ಟದ್ದು. ಲೌದಾತೊ ಸಿ 20ನೇ ಪರಿಚ್ಛೇದದಲ್ಲಿ ಕೀಟನಾಶಕ, ಕಳೆನಾಶಕಗಳ ಜೊತೆ ಶಿಲೀಂಧ್ರನಾಶಕವೂ ಹೆಸರಿಸಲ್ಪಟ್ಟಿದೆ, ಬೋರ್ಡೊ ಆ ಗುಂಪಿನದೇ. ಆದರೆ ಎರಡು ಎಕರೆಯಲ್ಲಿ ಸಂಸಾರ ನಡೆಸುವವರಿಗೆ ‘ಹೊಡೆಯಲೇಬೇಡಿ’ ಎನ್ನುವುದು ಸುಲಭದ ಧರ್ಮ. ನಮ್ಮ ಅಭಿಪ್ರಾಯದಲ್ಲಿ ಹೊಣೆ ಇರುವುದು ಎಷ್ಟು ಹೊಡೆಯುತ್ತೀರಿ, ಹೇಗೆ ಕಲಸುತ್ತೀರಿ, ಉಳಿದದ್ದನ್ನು ಎಲ್ಲಿ ಚೆಲ್ಲುತ್ತೀರಿ ಎಂಬಲ್ಲಿ.

ಮೊದಲು ಲೆಕ್ಕ. ಶೇ 1ರ ದ್ರಾವಣ ಎಂದರೆ 1 ಕೆ.ಜಿ ಮೈಲುತುತ್ತ, 1 ಕೆ.ಜಿ ಸುಣ್ಣ, 100 ಲೀಟರ್ ನೀರು. ಆ 1 ಕೆ.ಜಿ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರ ಇದೆ. ಎಕರೆಗೆ 500 ಲೀಟರಿನಂತೆ ಮೂರು ಸಲ ಹೊಡೆದಿರಿ ಎಂದಿಟ್ಟುಕೊಳ್ಳಿ, ವರ್ಷಕ್ಕೆ 3.75 ಕೆ.ಜಿ ತಾಮ್ರವಾಯಿತು. ಹೆಕ್ಟೇರಿಗೆ ಹಿಡಿದರೆ 9 ಕೆ.ಜಿ ದಾಟುತ್ತದೆ. ಯುರೋಪ್ ಒಕ್ಕೂಟ ತನ್ನ ರೈತರಿಗೆ ಇಟ್ಟಿರುವ ಮಿತಿ ಏಳು ವರ್ಷಕ್ಕೆ 28 ಕೆ.ಜಿ, ಅಂದರೆ ವರ್ಷಕ್ಕೆ ಸರಾಸರಿ 4. ತಾಮ್ರ ಕರಗಿ ಮಾಯವಾಗುವ ವಸ್ತುವಲ್ಲ. ಒಂದಷ್ಟು ಮಳೆನೀರಿನ ಜೊತೆ ಹಳ್ಳ ಸೇರುತ್ತದೆ, ಉಳಿದದ್ದು ತೋಟದ ಮೇಲ್ಮಣ್ಣಿನಲ್ಲೇ ಕೂರುತ್ತದೆ. ಎರೆಹುಳು ಕಡಿಮೆಯಾಗಲು ಅದೂ ಒಂದು ಕಾರಣ. ಮೀನಿಗಂತೂ ಅದು ನೇರ ವಿಷ.

ಹಾಗಾಗಿ ಒಂದು ಸಿಂಪಡಣೆಯೂ ವ್ಯರ್ಥವಾಗಬಾರದು. ಹೆಚ್ಚು ವ್ಯರ್ಥವಾಗುವುದು ಕಲಸುವಾಗಲೇ. 50 ಲೀಟರ್ ನೀರಿನಲ್ಲಿ ಮೈಲುತುತ್ತ, ಇನ್ನೊಂದು 50 ಲೀಟರಿನಲ್ಲಿ ಸುಣ್ಣ, ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ. ಕಬ್ಬಿಣದ ಪಾತ್ರೆ ಬೇಡ, ತಾಮ್ರವೆಲ್ಲ ಅದಕ್ಕೇ ಹತ್ತುತ್ತದೆ. ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸಿ, ಅದನ್ನು ಕೋಲಿನಿಂದ ಕಲಕುತ್ತಾ ಮೈಲುತುತ್ತದ ನೀರನ್ನು ನಿಧಾನವಾಗಿ ಸುಣ್ಣಕ್ಕೆ ಹೊಯ್ಯಿರಿ. ತಿರುಗುಮುರುಗಾಗಿ ಸುಣ್ಣವನ್ನು ಮೈಲುತುತ್ತಕ್ಕೆ ಹೊಯ್ದರೆ ಕಣ ದಪ್ಪವಾಗಿ ತಳಕ್ಕೆ ಇಳಿಯುತ್ತದೆ, ಕೊನೆಗೆ ಅಂಟುವುದಿಲ್ಲ. ಸರಿಯಾದ ದ್ರಾವಣ ಆಕಾಶದ ನೀಲಿ. ಹೊಳೆಯುವ ಚೂರಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಪೊರೆ ಕಂಡರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ, ಎಳೆ ಕಾಯಿ ಸುಡುತ್ತದೆ. ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ನೋಡಿ. ಗಾಳಿಗೆ ಬಿಟ್ಟ ಹಳೇ ಸುಣ್ಣಕ್ಕೆ ಕಸುವಿರುವುದಿಲ್ಲ, 1 ಕೆ.ಜಿ ಸಾಲದೇ ಬರುವುದು ಇದಕ್ಕೇ. ಕಲಸಿದ್ದು ಆ ದಿನವೇ ಮುಗಿಯಬೇಕು.

ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲು, ಎರಡನೆಯದು 40–45 ದಿನದ ಮೇಲೆ. ಮೂರನೆಯದು ಮಳೆ ಎಳೆದರೆ ಮಾತ್ರ. ‘ಎಲ್ಲರೂ ಹೊಡೆದರು’ ಎಂದು ಹೊಡೆಯುವ ಮೂರನೆಯದನ್ನು ಬಿಟ್ಟರೆ ತಾಮ್ರದಲ್ಲಿ ಮೂರನೇ ಒಂದು ಪಾಲು ಅಲ್ಲೇ ಉಳಿಯಿತು. ಕೊಳೆ ಬಂದು ಉದುರಿದ ಕಾಯಿಗಳನ್ನು ಮರದ ಬುಡದಲ್ಲಿ ಬಿಡದೆ ಹೆಕ್ಕಿ ದೂರ ಹೂಳಿ ಅಥವಾ ಸುಡಿ, ರೋಗ ಹಬ್ಬುವುದೇ ಅವುಗಳಿಂದ. ಬಸಿಗಾಲುವೆ ಹೂಳು ತುಂಬಿ ನಿಂತ ತೋಟಕ್ಕೆ ಎಷ್ಟು ಔಷಧಿ ಹೊಡೆದರೂ ಅಷ್ಟೆ. ಡ್ರಮ್ಮು, ಪಂಪು ತೊಳೆದ ನೀರು ಹಳ್ಳಕ್ಕೆ ಹೋಗಬಾರದು, ತೋಟದ ಎತ್ತರದ ಮೂಲೆಯಲ್ಲಿ ಗುಂಡಿ ತೋಡಿ ಅಲ್ಲಿಗೆ ಬಿಡಿ. ಕೊನೆಗೌಡನಿಗೆ (ಮರ ಹತ್ತಿ ಔಷಧಿ ಹೊಡೆಯುವವನಿಗೆ) ಕೈಗವಸು, ಕನ್ನಡಕ ಕೊಡಿಸಿ. ಲೌದಾತೊ ಸಿ ‘ಬಡವರ ಕೂಗು’ ಎಂದದ್ದು ಮರದ ಮೇಲಿರುವ ಅವನದೂ ಹೌದು.

ಪ್ರಶ್ನೆ: ಮೇಣದ ಬತ್ತಿಯ ಬದಲು ಎಲ್‌ಇಡಿ ಬತ್ತಿ ಹಚ್ಚಿದರೆ ಪರಿಸರಕ್ಕೆ ಒಳ್ಳೆಯದೇ?
— ಗೃಹಿಣಿ, ಸೊರಬ

ಅಂಗಡಿಯ ಅಗ್ಗದ ಬತ್ತಿ ಪ್ಯಾರಫಿನ್, ಪೆಟ್ರೋಲಿಯಂನಿಂದ ಬಂದದ್ದು ನಿಜ. ಆದರೆ ಪುಟ್ಟ ಬ್ಯಾಟರಿಯ ಪ್ಲಾಸ್ಟಿಕ್ ಬತ್ತಿ ಎರಡನೇ ಹಬ್ಬಕ್ಕೆ ತಿಪ್ಪೆ ಸೇರುತ್ತದೆ, ಅದು ಇನ್ನೂ ಕೆಟ್ಟದ್ದು. ಬತ್ತಿಯೇ ಇರಲಿ, ಹತ್ತರ ಜಾಗದಲ್ಲಿ ಒಂದು. ಉಳಿದ ತುಂಡುಗಳನ್ನು ಡಬ್ಬಿಯಲ್ಲಿ ಕೂಡಿಟ್ಟು, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಹತ್ತಿದಾರ ಹಾಕಿ ಮತ್ತೆ ಎರೆಯಬಹುದು. ನೇರ ಉರಿಯ ಮೇಲೆ ಇಟ್ಟರೆ ಹೊತ್ತಿಕೊಳ್ಳುತ್ತದೆ.

ಪ್ರಶ್ನೆ: ನಾಡಿಗೆ ಬೆಳಕು ಕೊಡಲು ನಮ್ಮ ಹಿರಿಯರು ಶರಾವತಿಯಲ್ಲಿ ಮನೆ, ಗದ್ದೆ ಮುಳುಗಿಸಿಕೊಂಡರು. ಈಗ ಬಲ್ಬು ಆರಿಸಿ ಎಂದು ನಮಗೆ ರೋಮಿನವರು ಹೇಳಬೇಕೇ?
— ಮುಳುಗಡೆ ಕುಟುಂಬದವರು, ಸಾಗರ

ನಿಮ್ಮ ಸಿಟ್ಟಿಗೆ ಆ ಪತ್ರದಲ್ಲೇ ಜಾಗವಿದೆ. ಲೌದಾತೊ ಸಿ 211ನೇ ಪರಿಚ್ಛೇದದಲ್ಲಿ ಅನಗತ್ಯ ದೀಪ ಆರಿಸುವುದು, ತಿನ್ನುವಷ್ಟೇ ಬೇಯಿಸುವುದು ಎಂಬ ಮನೆವಾರ್ತೆ ಪಟ್ಟಿ ಬರುವುದು ಹೌದು. ಆದರೆ ಅದಕ್ಕೂ ಬಹಳ ಮೊದಲೇ, 51ರಲ್ಲಿ, ಹೆಚ್ಚು ಬಳಸಿದವರು ಕಡಿಮೆ ಬಳಸಿದವರಿಗೆ ‘ಪರಿಸರದ ಸಾಲ’ ತೀರಿಸಬೇಕು ಎಂದಿದೆ. ಅಲ್ಲಿ ಮಾತು ಶ್ರೀಮಂತ, ಬಡ ದೇಶಗಳದು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ನೀರು 1964ರಿಂದ ನಿಂತಿದೆ, ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಬೆಳಕು ಹೋದದ್ದು ಎಲ್ಲಿಗೆ, ಮುಳುಗಿದ್ದು ಯಾರು ಎಂದು ನೋಡಿದರೆ ಅದೇ ಸಾಲ ಒಂದೇ ರಾಜ್ಯದೊಳಗೂ ಕಾಣುತ್ತದೆ. ಅಂದಹಾಗೆ ರೋಮಿನವರು ಬರೀ ಹೇಳುತ್ತಿಲ್ಲ. ವ್ಯಾಟಿಕನ್ನಿಗೆ ಬೇಕಾದ ವಿದ್ಯುತ್ತಿಗೆ ಸಾಂತಾ ಮರಿಯಾ ದಿ ಗಲೇರಿಯಾದಲ್ಲಿ ಸೌರಫಲಕ ಹಾಕುವ ಯೋಜನೆಯನ್ನು 2024ರಲ್ಲಿ ಫ್ರಾನ್ಸಿಸ್ ಸಾರಿದರು, ಲಿಯೊ ಮುಂದುವರಿಸಿದ್ದಾರೆ.

ನಿಮಗೆ ಹೆಚ್ಚು ಕೆಲಸಕ್ಕೆ ಬರುವುದು 183ನೇ ಪರಿಚ್ಛೇದ. ಯಾವುದೇ ಯೋಜನೆಯ ಪರಿಸರ ಪರಿಣಾಮದ ಅಧ್ಯಯನ ಮೊದಲೇ ಆಗಬೇಕು, ಒತ್ತಡವಿಲ್ಲದೆ ಆಗಬೇಕು, ಮಾತುಕತೆಯಲ್ಲಿ ಸ್ಥಳೀಯರಿಗೆ ವಿಶೇಷ ಸ್ಥಾನ ಇರಬೇಕು ಎಂದಿದೆ. ತಲಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸಿ ವಿದ್ಯುತ್ ತೆಗೆಯುವ) ಪ್ರಸ್ತಾವ ಚರ್ಚೆಯಲ್ಲಿರುವಾಗ ಇದು ನೆನಪಿರಲಿ. ನಮ್ಮ ದೇಶದ 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲೂ ಸಾರ್ವಜನಿಕ ಅಹವಾಲಿನ ಕ್ರಮ ಇದೆ. ಕನಿಷ್ಠ 30 ದಿನ ಮುಂಚೆ ನೋಟೀಸು ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ನೋಡಲು ಸಿಗಬೇಕು. ಹಾಜರಿಗೆ ಕೋರಂ ಇಲ್ಲ, ಅಂದರೆ ಜನ ಬರಲಿಲ್ಲವೆಂದು ಸಭೆ ರದ್ದಾಗುವುದಿಲ್ಲ. ಹೋಗದೆ ಬಹಿಷ್ಕಾರ ಹಾಕಿದರೆ ಆಕ್ಷೇಪಣೆ ಇಲ್ಲವೆಂದೇ ದಾಖಲಾದೀತು. ಬಾಯಲ್ಲಿ ಕೂಗಿದ್ದರ ಜೊತೆಗೆ ಬರೆದದ್ದನ್ನೂ ಕೊಡಿ, ಎರಡು ಪ್ರತಿ, ಒಂದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿ. ಸಭೆ ಮುಗಿಯುವ ಮೊದಲು ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕೆಂಬ ನಿಯಮವಿದೆ. ಓದುವವರೆಗೆ ಎದ್ದು ಬರಬೇಡಿ, ಬಿಟ್ಟುಹೋದ ಮಾತನ್ನು ಸೇರಿಸಿ ಎಂದು ಅಲ್ಲೇ ಹೇಳಿ.

ಪ್ರಶ್ನೆ: ಚರ್ಚಿನ ಮಾಡಿನ ನೀರು ಹಿಡಿಯಲು 5,000 ಲೀಟರ್ ಟ್ಯಾಂಕ್ ಕೂರಿಸಬೇಕೆಂದು ಪಾಲನಾ ಸಮಿತಿ ತೀರ್ಮಾನಿಸಿದೆ. ಸಾಕೇ?
— ಸಮಿತಿ ಸದಸ್ಯರು, ತೀರ್ಥಹಳ್ಳಿ ತಾಲ್ಲೂಕು

ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ಮಾಡು 300 ಚ.ಮೀ ಎಂದುಕೊಂಡು, ಹಂಚಿನಲ್ಲಿ ಹೀರಿ ಚೆಲ್ಲಿ ಹೋಗುವುದನ್ನು ಕಳೆದು ಶೇ 80 ಹಿಡಿಯಿರಿ. 21 ಮಿ.ಮೀ ಮಳೆಗೆ ಟ್ಯಾಂಕು ತುಂಬಿತು. ಆಷಾಢದಲ್ಲಿ ಅದು ಒಂದು ಬೆಳಗಿನ ಕೆಲಸ. ವರ್ಷಕ್ಕೆ 2,500 ಮಿ.ಮೀ ಬಿದ್ದರೆ 6 ಲಕ್ಷ ಲೀಟರ್ ಬರುತ್ತದೆ, ನೀವು ಹಿಡಿದದ್ದು ಐದು ಸಾವಿರ, ಅದೂ ಯಾರಿಗೂ ನೀರು ಬೇಡವಾದ ತಿಂಗಳಲ್ಲಿ. ಟ್ಯಾಂಕಿನ ದುಡ್ಡನ್ನು ತೆರೆದ ಬಾವಿಗೆ ನೀರು ಮರುಪೂರಣ ಮಾಡಲು ಖರ್ಚು ಮಾಡುವುದು ಮೇಲು.

ಮೊದಲ ಮಳೆಯ ಸುಮಾರು 600 ಲೀಟರ್ ಹಕ್ಕಿ ಹಿಕ್ಕೆ, ದೂಳು, ಎಲೆ ತೊಳೆದ ನೀರು, ಅದನ್ನು ಹೊರಕ್ಕೆ ಬಿಡಲು ಪೈಪಿನಲ್ಲಿ ಒಂದು ಮುಚ್ಚಳ ಇರಬೇಕು. ಸೋಸಲು 200 ಲೀಟರಿನ ಡ್ರಮ್ ಇಟ್ಟು, ತಳದಲ್ಲಿ 40 ಮಿ.ಮೀ ಜಲ್ಲಿ, ಮೇಲೆ 20 ಮಿ.ಮೀ ಜಲ್ಲಿ, ಅದರ ಮೇಲೆ ನೈಲಾನ್ ಬಲೆ, ಇದ್ದಿಲು, ಮತ್ತೆ ಬಲೆ, ದಪ್ಪ ಮರಳು. ಎಡವುವುದು ಇಲ್ಲೇ. ಗಂಟೆಗೆ 50 ಮಿ.ಮೀ ಹೊಡೆದರೆ ಅದೇ ಮಾಡಿನಿಂದ ಗಂಟೆಗೆ 12,000 ಲೀಟರ್ ಇಳಿಯುತ್ತದೆ. ಒಂದು ಡ್ರಮ್ಮು ಅಷ್ಟನ್ನು ಸೋಸಲಾರದು, ತುಂಬಿ ಹರಿದು ಗೋಡೆಯ ಬುಡ ಕೊರೆಯುತ್ತದೆ. ಆದ್ದರಿಂದ ಹೆಚ್ಚಿನ ನೀರು ಚರಂಡಿಗೆ ಹೋಗುವ ಬೈಪಾಸ್ ಪೈಪನ್ನು ಮೊದಲು ಕೂರಿಸಿ, ಡ್ರಮ್ಮು ಆಮೇಲೆ. ಮರಳನ್ನು ಪ್ರತಿ ಮೇ ತಿಂಗಳು ತೊಳೆಯಬೇಕು. ಬಾವಿಯ ಹತ್ತಿರ ಶೌಚಗುಂಡಿ ಇದ್ದರೆ ಈ ಕೆಲಸವೇ ಬೇಡ.

ಇನ್ನೊಂದು ಎಚ್ಚರಿಕೆ. ಎಲ್ಲ ಕಡೆ ಇಂಗುಗುಂಡಿ ತೋಡುವ ಹುಮ್ಮಸ್ಸು ಈಗ ಇದೆ. ಕಡಿದಾದ ಇಳಿಜಾರಿನಲ್ಲಿ, ಅದರಲ್ಲೂ ಧರೆ (ಗುಡ್ಡದ ಮಣ್ಣಿನ ಗೋಡೆ) ಕಡಿದು ಕಟ್ಟಡ ಕಟ್ಟಿದ ಕಡೆ, ಧರೆಯ ತಲೆಯ ಮೇಲೆ ನೀರು ಇಂಗಿಸಿದರೆ ಮಣ್ಣು ತೂಕವಾಗಿ ಧರೆ ಜಾರುತ್ತದೆ. ಅಲ್ಲಿ ನೀರನ್ನು ಸುರಕ್ಷಿತವಾಗಿ ಕೆಳಗಿಳಿಸುವುದೇ ಸರಿ.

ಪ್ರಶ್ನೆ: ಕ್ರಿಸ್‌ಮಸ್ ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ) ಮಕ್ಕಳು ಕಾಡಿಗೆ ಹೋಗಿ ಮರದ ಪಾಚಿ ಕೆರೆದು ತರುತ್ತಾರೆ. ತಪ್ಪಲ್ಲವೇ? ಬದಲಿಗೆ ಏನು ಹಾಕಬಹುದು?
— ಶಿಕ್ಷಕಿ, ಶೃಂಗೇರಿ

ತಪ್ಪೇ. ಒಂದು ಗೋಣಿ ಪಾಚಿ ಕೆರೆದ ಕೊಂಬೆಯಲ್ಲಿ ಮತ್ತೆ ಅಷ್ಟು ಬೆಳೆಯಲು ವರ್ಷಗಳು ಬೇಕು. ಸೀತಾಳೆದಂಡೆಯಂಥ ಆರ್ಕಿಡ್ ಗಿಡಗಳ ದೂಳಿನಷ್ಟು ಸಣ್ಣ ಬೀಜ ಅಂಟಿಕೊಂಡು ಮೊಳೆಯುವುದು ಅಂಥ ಒದ್ದೆ ತೊಗಟೆಯಲ್ಲೇ. ಥರ್ಮಾಕೋಲಿಗೆ ಹಸಿರು ಬಣ್ಣ ಬಳಿಯುವುದು ಅದಕ್ಕೂ ಕಡೆ.

ಭತ್ತದ ಸಸಿಮಡಿ ಮಾಡಿ, ಚಾಪೆಯ ಹಾಗೆ ಎತ್ತುವಂಥದ್ದು. ಮೂರು ಅಡಿಗೆ ನಾಲ್ಕು ಅಡಿ ಜಾಗಕ್ಕೆ ಅರ್ಧ ಕೆ.ಜಿ ಬಿತ್ತನೆ ಭತ್ತ ಸಾಕು. ಡಿಸೆಂಬರ್ 8ರ ಸುಮಾರಿಗೆ ಒಂದು ಹಗಲು ಒಂದು ರಾತ್ರಿ ನೆನೆಹಾಕಿ, ನೀರು ಬಸಿದು, ಒದ್ದೆ ಗೋಣಿಯಲ್ಲಿ ಕಟ್ಟಿ ಒಲೆಯ ಪಕ್ಕ ಇಡಿ. ಆ ತಿಂಗಳ ಚಳಿಗೆ ಹೊರಗಿಟ್ಟರೆ ಮೊಳಕೆ ಹೊರಡುವುದಿಲ್ಲ. ಬಿಳಿ ಮೂತಿ ಕಂಡ ಕೂಡಲೇ, ಹಳೇ ಪ್ಲಾಸ್ಟಿಕ್ ಹಾಳೆ ಹಾಸಿ, ಜರಡಿ ಹಿಡಿದ ಮಣ್ಣು ಮೂರು ಪಾಲು, ಗೊಬ್ಬರ ಒಂದು ಪಾಲು ಬೆರೆಸಿ ಒಂದು ಇಂಚು ಹರಡಿ, ಮೇಲೆ ಭತ್ತವನ್ನು ಒತ್ತೊತ್ತಾಗಿ ಚೆಲ್ಲಿ ತೆಳ್ಳಗೆ ಮಣ್ಣು ಉದುರಿಸಿ. ಎರಡು ದಿನ ಒಣಹುಲ್ಲು ಮುಚ್ಚಿಡಿ, ಇಲ್ಲದಿದ್ದರೆ ಗುಬ್ಬಿಗಳ ಪಾಲು. ನೀರು ಚಿಮುಕಿಸಬೇಕು, ನಿಲ್ಲಿಸಬಾರದು. ನಿಂತರೆ ಬಿಳಿ ಬೂಷ್ಟು ಹಿಡಿಯುತ್ತದೆ. ಎರಡು ವಾರಕ್ಕೆ ಮೂರು ಇಂಚು ಬರುತ್ತದೆ, ಬೇರು ಹೆಣೆದುಕೊಂಡಿರುತ್ತದೆ. 23ರಂದು ಚೂರಿಯಿಂದ ಬೇಕಾದ ಆಕಾರಕ್ಕೆ ಕೊಯ್ದು, ಚಾಪೆ ಸುತ್ತಿದಂತೆ ಸುತ್ತಿ ತಂದು ಗೋದಲಿಯ ಗುಡ್ಡದ ಮೇಲೆ ಹಾಸಬಹುದು. ಜನವರಿ ಮೊದಲ ವಾರ ಗೋದಲಿ ಬಿಚ್ಚುವಾಗ ಪಕ್ಕದ ಮನೆಯ ಕರುವಿಗೆ ಹಾಕಿ.